ಮುಟ್ಟು

ಕನ್ನಡದಲ್ಲಿ ‘ಮುಟ್ಟು’ ಎಂಬ ಮಾತಿಗೆ ಬಿಡುವೇ ಇಲ್ಲ. ಕಳಿಸಿದ ಹಣ ಮುಟ್ಟುತ್ತದೆ, ಬರೆದ ಕಾಗದ ಮುಟ್ಟುತ್ತದೆ, ಆಡಿದ ಮಾತು ಮನಸ್ಸಿಗೆ ಮುಟ್ಟುತ್ತದೆ. ಸಾಲ ತೀರಿಸದವರ ಆಸ್ತಿ ಮುಟ್ಟುಗೋಲಾಗುತ್ತದೆ. ಹಿಂದೆ ಕಸುಬಿನ ಸಲಕರಣೆಗೂ ಮುಟ್ಟು ಎನ್ನುತ್ತಿದ್ದರು. ‘ಬೆಳಿಗ್ಗೆಯಿಂದ ಊಟ ಮುಟ್ಟಿಲ್ಲ ಸಿಸ್ಟರ್’ ಎನ್ನುವುದು ವಾರ್ಡುಗಳಲ್ಲಿ ದಿನವೂ ಕೇಳುವ ಮಾತು.

ಜನರನ್ನು ದೂರ ಇಟ್ಟದ್ದೂ ಇದೇ ಪದ. ತಿಂಗಳಿಗೊಮ್ಮೆ ಹೆಣ್ಣನ್ನು ಹೊರಗೆ ಕೂರಿಸಿದ್ದು ಇದರ ಹೆಸರಿನಲ್ಲಿ. ಜಾತಿಯ ಲೆಕ್ಕ ಹಾಕಿ ಕೆಲವರನ್ನು ಊರಾಚೆ ನಿಲ್ಲಿಸಿದ್ದೂ ‘ಮುಟ್ಟಿಸಿಕೊಳ್ಳಬಾರದು’ ಎಂದೇ. 1986ರಲ್ಲಿ ಆಗಿನ ಮದ್ರಾಸಿನಲ್ಲಿ ಎಚ್‌ಐವಿ ಪತ್ತೆಯಾಗಿ ದೇಶ ಬೆಚ್ಚಿದಾಗ, ಈ ಹಳೆಯ ರೂಢಿ ಆಸ್ಪತ್ರೆಯ ಬಾಗಿಲು ದಾಟಲು ಹೆಚ್ಚು ಕಾಲ ಬೇಕಾಗಲಿಲ್ಲ.

ನರ್ಸ್ ಕೆಲಸವೆಂದರೆ ಮೊದಲಿನಿಂದ ಕೊನೆಯವರೆಗೂ ಮುಟ್ಟುವ ಕೆಲಸ: ನಾಡಿ ಹಿಡಿಯಬೇಕು, ಮಗ್ಗುಲು ತಿರುಗಿಸಬೇಕು, ಗಾಯ ಒರೆಸಬೇಕು. ಅಲ್ಲಿ ತಾರತಮ್ಯ ಜಗಳದ ರೂಪದಲ್ಲಿ ಬರುವುದು ಕಡಿಮೆ. ಬಿಪಿ ನೋಡಲು ಎರಡು ಜೊತೆ ಗ್ಲೌಸ್ ಏರುತ್ತವೆ. ಮಾತ್ರೆ ಕೈಗೆ ಬರದೆ ಸ್ಟೂಲಿನ ಮೇಲೆ ಬೀಳುತ್ತದೆ. ಹಾಸಿಗೆಯ ಬಟ್ಟೆ ಬದಲಿಸುವ ಕೆಲಸ ಮನೆಯವರ ಪಾಲಾಗುತ್ತದೆ. ಕೇಸ್‌ಶೀಟಿನ ಮೇಲೊಂದು ಕೆಂಪು ಗುರುತು ಕಂಡರೆ ಪಕ್ಕದ ಹಾಸಿಗೆಯವರಿಗೆ ಬೇರೇನೂ ಹೇಳಬೇಕಾಗಿಲ್ಲ.

ಮುಂಬೈ ಮತ್ತು ಬೆಂಗಳೂರಿನ 369 ನರ್ಸ್‌ಗಳನ್ನೂ ಒಳಗೊಂಡ ಒಂದು ಅಧ್ಯಯನ 2013ರಲ್ಲಿ ಪ್ರಕಟವಾಯಿತು. ರಕ್ತ ತಾಗುವ ಸಂಭವ ಹೆಚ್ಚಿರುವ ಕೆಲಸಗಳಲ್ಲಿ ಎಚ್‌ಐವಿ ಇರುವವರನ್ನು ಬೇರೆಯಾಗಿ ನಡೆಸಿಕೊಳ್ಳುತ್ತೇವೆ ಎಂದವರು ಶೇ 88. ಈ ಭಯವನ್ನಾದರೂ ಅರ್ಥ ಮಾಡಿಕೊಳ್ಳಬಹುದು. ಆದರೆ ಅಂಥ ಸಂಭವ ಕಡಿಮೆಯಿರುವ ಕೆಲಸಗಳಲ್ಲೂ ಹಾಗೆಯೇ ಮಾಡುತ್ತೇವೆ ಎಂದವರು ಶೇ 40. ನೋಯಿಸುವುದು ಈ ಎರಡನೆಯ ಅಂಕಿ.

ಕನ್ನಡದ ಬಳಕೆ ಈ ವಿಷಯದಲ್ಲಿ ಖಚಿತವಾಗಿದೆ. ರೋಗ ‘ತಗಲುತ್ತದೆ’, ‘ಅಂಟುತ್ತದೆ’; ರೋಗ ‘ಮುಟ್ಟಿತು’ ಎಂದು ಯಾರೂ ಹೇಳುವುದಿಲ್ಲ. ವಿಜ್ಞಾನ ಹೇಳುವುದೂ ಅದನ್ನೇ. ಮುಟ್ಟಿದರೆ ಎಚ್‌ಐವಿ ತಗಲುವುದಿಲ್ಲ. ಸೋಂಕಿತ ರಕ್ತವಿದ್ದ ಸೂಜಿ ಚುಚ್ಚಿದರೂ ತಗಲುವ ಸಾಧ್ಯತೆ ಸಾವಿರಕ್ಕೆ ಸುಮಾರು 3. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ತಗಲುವ ಸಾಧ್ಯತೆ ನೂರಕ್ಕೆ 6ರಿಂದ 30ರವರೆಗೂ ಇದೆ, ಆದರೂ ಆ ರೋಗಿಯ ಮಾತ್ರೆ ಸ್ಟೂಲಿನ ಮೇಲೆ ಬೀಳುವುದಿಲ್ಲ. ಸೂಜಿ ಚುಚ್ಚಿದ 72 ಗಂಟೆಯೊಳಗೆ, ಆದಷ್ಟೂ ಬೇಗ, ಶುರು ಮಾಡಿ 28 ದಿನ ನುಂಗುವ ಮಾತ್ರೆಗಳೂ ಇವೆ.

ಇಷ್ಟು ತಿಳಿಯದ ಕಾಲದಲ್ಲೇ ಮುಟ್ಟಿದವರಿದ್ದಾರೆ. 1983ರ ಜುಲೈನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಜನರಲ್ ಆಸ್ಪತ್ರೆ ಏಡ್ಸ್ ರೋಗಿಗಳಿಗೆಂದೇ 5ಬಿ ವಾರ್ಡ್ ತೆರೆಯಿತು. ಅದನ್ನು ಕಟ್ಟಿ ನಿಲ್ಲಿಸಿದವರು ಕ್ಲಿಫ್ ಮಾರಿಸನ್ ಎಂಬ ನರ್ಸ್; ಜೊತೆಗೆ ದುಡಿದ ನರ್ಸ್‌ಗಳು ತಾವಾಗಿಯೇ ಮುಂದೆ ಬಂದವರು. ವೈರಸ್ಸಿಗೆ ಆಗಿನ್ನೂ ಎಚ್‌ಐವಿ ಎಂಬ ಹೆಸರು ಬಿದ್ದಿರಲಿಲ್ಲ. ಅವರು ಗ್ಲೌಸಿಲ್ಲದೆ ರೋಗಿಗಳ ಕೈ ಹಿಡಿದು ಕೂತರು.

ತಪ್ಪೆಲ್ಲ ನರ್ಸ್ ತಲೆಗೆ ಕಟ್ಟುವುದು ಅನ್ಯಾಯ. ಗ್ಲೌಸ್ ಎಣಿಸಿ ಕೊಡುವ ಕಡೆ ‘ಆ ಪೇಷೆಂಟ್ ಯಾರು’ ಎಂದು ಹುಡುಕುವ ಬುದ್ಧಿ ಬರುತ್ತದೆ. ರಕ್ತದ ಕೆಲಸಕ್ಕೆ ಎಲ್ಲ ರೋಗಿಗಳ ಹತ್ತಿರವೂ ಗ್ಲೌಸ್ ಬೇಕು, ನಾಡಿ ನೋಡಲು ಯಾರ ಹತ್ತಿರವೂ ಬೇಡ ಎಂಬುದೇ ಸರಿಯಾದ ಪದ್ಧತಿ. 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ ಕಾಯ್ದೆ ರೋಗಿಯ ವಿರುದ್ಧದ ತಾರತಮ್ಯವನ್ನು ನಿಷೇಧಿಸಿದೆ. ಸಿಬ್ಬಂದಿಗೆ ರಕ್ಷಣಾ ಸಾಮಗ್ರಿ, ತರಬೇತಿ, ಸೂಜಿ ಚುಚ್ಚಿದರೆ ಔಷಧ ಒದಗಿಸುವ ಹೊಣೆಯನ್ನು ಸಂಸ್ಥೆಗೆ ಹೊರಿಸಿದೆ.

ನರ್ಸಿಂಗ್ ವಿದ್ಯಾರ್ಥಿಗಳಿಗೆಂದು ಬೆಂಗಳೂರಿನ ಸಂಶೋಧಕರು ನಡೆಸಿದ ತರಬೇತಿಗಳಲ್ಲಿ ಎಚ್‌ಐವಿಯೊಂದಿಗೆ ಬದುಕುತ್ತಿರುವವರೇ ಬಂದು ಪಾಠಕ್ಕೆ ಜೊತೆಯಾಗಿದ್ದಾರೆ. ಇಂಥ ತರಗತಿ ಪ್ರತಿ ನರ್ಸಿಂಗ್ ಕಾಲೇಜಿನಲ್ಲೂ, ವಿದ್ಯಾರ್ಥಿಗಳು ವಾರ್ಡಿಗೆ ಕಾಲಿಡುವ ಮೊದಲೇ ನಡೆಯಬೇಕು. ಎರಡು ಜೊತೆ ಗ್ಲೌಸಿನ ಪಾಠವನ್ನು ಹಿರಿಯರು ಅಲ್ಲಿ ಮೊದಲ ವಾರದಲ್ಲೇ ಕಲಿಸಿಬಿಡುತ್ತಾರೆ.