ಒಂದು ಪೆಟ್ಟಿನ ಇತಿಹಾಸ

ಊರಲ್ಲಿ ರೇಡಿಯೋ ಗೊರಗೊರ ಅಂದ್ರೆ ಅಜ್ಜ ಅದರ ತಲೆಗೊಂದು ಬಿಡೋರು, ಹಾಡು ಬರೋದು. ಇದೇ ಮದ್ದನ್ನು ಕಂಪ್ಯೂಟರ್ ಕಂಪನಿಯೂ ಹೇಳಿಕೊಟ್ಟಿತ್ತು ಅಂದ್ರೆ ನಂಬ್ತೀರಾ?

1980ರಲ್ಲಿ ಬಂದ ಆಪಲ್ 3ಕ್ಕೆ ಫ್ಯಾನೇ ಇರಲಿಲ್ಲ. ಬಿಸಿಗೆ ಚಿಪ್‌ಗಳು ಸಾಕೆಟ್ಟಿನಲ್ಲಿ ಸಡಿಲವಾಗುತ್ತಿದ್ದವು. ಎರಡು-ಮೂರು ಇಂಚು ಎತ್ತಿ ಮೇಜಿನ ಮೇಲೆ ಬೀಳಿಸಿ ಅಂತ ಗಿರಾಕಿಗಳಿಗೆ ಆಪಲ್‌ನವರೇ ಹೇಳಿದರಂತೆ! ಚಿಪ್ ಕೂತರೆ ಯಂತ್ರಕ್ಕೆ ಜೀವ. ಹೋದ ಮಾನ ಮಾತ್ರ ಬರಲಿಲ್ಲ. 1984ರಲ್ಲಿ ಅದನ್ನು ಕೈಬಿಟ್ಟರು.

ಬಿಇ ಕೊನೇ ವರ್ಷ, ಅಪ್ಪ ಎಮ್ಮೆ ಮಾರಿ ಕೊಡಿಸಿದ್ದ ಕಂಪ್ಯೂಟರ್ ಹಾಸ್ಟೆಲಿನಲ್ಲಿ ಬೀಪ್ ಬೀಪ್ ಅಂತ ಕೂತಿತು. ಎತ್ತಿಹಾಕೋ ಧೈರ್ಯ ಬರಲಿಲ್ಲ. ಹಾರ್ಡ್‌ಡಿಸ್ಕಿನಲ್ಲಿ ಪ್ರಾಜೆಕ್ಟ್ ಇತ್ತು. ರ‍್ಯಾಮ್ ಕಿತ್ತು, ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಮತ್ತೆ ಒತ್ತಿ ಕೂರಿಸಿದೆ. ಪರದೆ ಬೆಳಗಿತು.

ಅಪ್ಪನಿಗೆ ಇವತ್ತಿಗೂ ಹೇಳಿಲ್ಲ.