ಕರೆಯದೆ ಬರುವ ಕರೆಗಳು

ಜೇಬಿಗೆ ದೂರವಾಣಿ ಬಂದಂದಿನಿಂದ ಮನೆಯ ನೆಮ್ಮದಿ ಹೋಯಿತೆಂದು ಗೊಣಗುವವರು ನಮ್ಮ ಬಳಗದಲ್ಲಿ ಕಡಿಮೆಯಿಲ್ಲ. ಸಾಲ ಬೇಕೇ, ಕ್ರೆಡಿಟ್ ಕಾರ್ಡು ಬೇಕೇ, ತಳೇಗಾಂವದಲ್ಲಿ ನಿವೇಶನ ಬೇಕೇ ಎಂದು ಕೇಳುವ ಅಪರಿಚಿತ ಧ್ವನಿಗಳು ದಿನಕ್ಕೆ ನಾಲ್ಕು ಬಾರಿಯಾದರೂ ಕಾಡದೆ ಬಿಡುವುದಿಲ್ಲ. ಇದು ಇಂದಿನ ಕಾಲದ ರೋಗವೆಂದೇ ಎಲ್ಲರ ತಿಳಿವಳಿಕೆ. ಆದರೆ ಕೆದಕಿ ನೋಡಿದರೆ ರೋಗ ಬಹಳ ಹಳೆಯದು. ಅದಕ್ಕೆ ಜನ ಕಂಡುಕೊಂಡ ನಗೆಯ ಮದ್ದೂ ಹೆಚ್ಚು ಕಡಿಮೆ ಅಷ್ಟೇ ಹಳೆಯದು. ಆ ಕಥೆಯನ್ನು ವಾಚಕರ ಮುಂದಿಡಬೇಕೆಂಬುದು ನಮ್ಮ ಅಪೇಕ್ಷೆ.

ದೂರವಾಣಿ ಹುಟ್ಟುವುದಕ್ಕೆ ಹನ್ನೆರಡು ವರ್ಷ ಮೊದಲೇ, 1864ರ ಮೇ ತಿಂಗಳ ಕೊನೆಯಲ್ಲಿ, ಲಂಡನ್ನಿನ ಹಲವು ರಾಜಕಾರಣಿಗಳ ಮನೆ ಬಾಗಿಲಿಗೆ ಹೊತ್ತು ಮೀರಿ ತಂತಿಯವನು ಬಂದು ನಿಂತ. ತಂತಿಯೆಂದರೆ ಅಲ್ಲಿಯೂ ಎದೆ ಧಸಕ್ಕೆನ್ನುತ್ತಿದ್ದ ಕಾಲ. ಒಡೆದು ನೋಡಿದರೆ ಯಾರೂ ಸತ್ತಿರಲಿಲ್ಲ. ಗೇಬ್ರಿಯಲ್ ಎಂಬ ದಂತವೈದ್ಯರ ಚಿಕಿತ್ಸಾಲಯ ಅಕ್ಟೋಬರಿನವರೆಗೆ ಬೆಳಿಗ್ಗೆ ಹತ್ತರಿಂದ ಸಂಜೆ ಐದರ ತನಕ ತೆರೆದಿರುತ್ತದೆಂಬ ಪ್ರಕಟಣೆ! ಸಿಟ್ಟಿಗೆದ್ದ ಒಬ್ಬರು ‘ಟೈಮ್ಸ್’ ಪತ್ರಿಕೆಗೆ ಕಾಗದ ಬರೆದರು. ಕಾಗದ ಅಚ್ಚಾಯಿತು. ತಂತಿ ತಲುಪದವರಿಗೂ ವೈದ್ಯರ ಹೆಸರು ಪುಕ್ಕಟೆಯಾಗಿ ತಲುಪಿತು. ಸಿಟ್ಟಿನಿಂದ ಲಾಭ ಯಾರಿಗೆ ಎಂಬುದು ಅಂದೇ ತಿಳಿದುಹೋಯಿತು.

ಇಂಥ ಪೀಡೆಗೆ ಇಂದು ರೂಢಿಯಲ್ಲಿರುವ ‘ಸ್ಪ್ಯಾಮ್’ ಎಂಬ ಹೆಸರು ಕೂಡ ನಗೆಯಿಂದಲೇ ಬಂದದ್ದು. ಸ್ಪ್ಯಾಮ್ ಎಂದರೆ 1937ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಡಬ್ಬಿ ಮಾಂಸ. 1970ರಲ್ಲಿ ಬ್ರಿಟನ್ನಿನ ‘ಮಾಂಟಿ ಪೈಥನ್’ ಎಂಬ ಹಾಸ್ಯ ತಂಡದವರು ಟೆಲಿವಿಷನ್ನಿನಲ್ಲಿ ಒಂದು ಪ್ರಹಸನ ಆಡಿದರು. ಒಂದು ಹೋಟೆಲು, ಏನು ತಿಂಡಿ ಕೇಳಿದರೂ ಅದರಲ್ಲಿ ಸ್ಪ್ಯಾಮ್, ಬೇಡವೆಂದರೆ ಪಕ್ಕದ ಮೇಜಿನವರು ಅದೇ ಹೆಸರನ್ನು ಕೂಗಿ ಕೂಗಿ ಹಾಡುತ್ತಾರೆ. ಬೇಡವೆಂದರೂ ಬಡಿಸುವ ಪದಾರ್ಥದ ಹೆಸರು ಮುಂದೆ ಬೇಡದ ಸಂದೇಶಗಳಿಗೆ ಅಂಟಿತು. ನಮ್ಮ ಮದುವೆಯ ಪಂಕ್ತಿಗಳಲ್ಲಿ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲಿ ಜಿಲೇಬಿ ಜಾರಿಸುವವರನ್ನು ಕಂಡವರಿಗೆ ಈ ಪ್ರಹಸನ ಅರ್ಥವಾಗಲು ಇಂಗ್ಲಿಷ್ ಬೇಕಿಲ್ಲ.

ನಮ್ಮ ದೇಶದಲ್ಲಿ 1882ರ ಜನವರಿ 28ರಂದು ಕಲ್ಕತ್ತಾ, ಮುಂಬಯಿ, ಮದರಾಸುಗಳಲ್ಲಿ ಟೆಲಿಫೋನ್ ಎಕ್ಸ್‌ಚೇಂಜುಗಳು ತೆರೆದುವು. ಕಲ್ಕತ್ತೆಯ ಕೇಂದ್ರಕ್ಕೆ ಮೊದಲಿಗೆ 93 ಮಂದಿ ಚಂದಾದಾರರು. ಅಲ್ಲಿಂದ ಮುಂದೆ ನೂರು ವರ್ಷ ಕಳೆದರೂ ಫೋನು ಸಾಮಾನ್ಯರ ಸೊತ್ತಾಗಲಿಲ್ಲ. ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕು. ಬಂದ ಮೇಲೆ ‘ಡೆಡ್’ ಆದರೆ ಲೈನ್‌ಮನ್ನನ ದಾರಿ ಕಾಯಬೇಕು. 1980ರ ದಶಕದ ಆರಂಭದಲ್ಲಿ ಸಂಪರ್ಕ ಖಾತೆಯ ಮಂತ್ರಿಗಳಾಗಿದ್ದ ಸಿ. ಎಂ. ಸ್ಟೀಫನ್ ಅವರು, ಫೋನು ಹಕ್ಕಲ್ಲ, ವಿಲಾಸದ ವಸ್ತು, ಬೇಡವಾದವರು ಹಿಂದಿರುಗಿಸಬಹುದು ಎಂಬರ್ಥದಲ್ಲಿ ಉತ್ತರಿಸಿದರೆಂದು ಇಂದಿಗೂ ಉಲ್ಲೇಖಿಸುತ್ತಾರೆ. ಕೇರಳದವರಾದ ಸ್ಟೀಫನ್ನರು ಲೋಕಸಭೆಗೆ ಆಯ್ಕೆಯಾಗಿದ್ದುದು ನಮ್ಮ ಗುಲ್ಬರ್ಗಾದಿಂದ ಎಂಬುದನ್ನು ಆ ಜಿಲ್ಲೆಯ ವಾಚಕರು ಮರೆತಿರಲಾರರು.

ನಮ್ಮ ಬಾಲ್ಯದಲ್ಲಿ ಬಡಾವಣೆಗೊಂದು ಫೋನು. ಲಗ್ನಪತ್ರಿಕೆಯಲ್ಲಿ ನಂಬರಿನ ಮುಂದೆ ‘ಪಿ. ಪಿ.’ ಎಂದು ಅಚ್ಚಾದರೆ ಅದು ನೆರೆಮನೆಯವರ ನಂಬರು ಎಂದು ತಿಳಿಯಬೇಕು. ಪುಣೆಯಿಂದ ಧಾರವಾಡಕ್ಕೆ ಟ್ರಂಕ್ ಕಾಲ್ ಬುಕ್ ಮಾಡಿ ಸಂಜೆಯ ತನಕ ಕೂತವರು ನಮ್ಮ ಹಿರಿಯರು. ಮೂರು ನಿಮಿಷವಾದೊಡನೆ ಆಪರೇಟರ್ ನಡುವೆ ಬಾಯಿ ಹಾಕುತ್ತಿದ್ದ. ಆದ್ದರಿಂದ ಫೋನು ಬಾರಿಸಿತೆಂದರೆ ಜನನ, ಮರಣ, ಇಲ್ಲವೇ ಲಗ್ನ ನಿಶ್ಚಯ. ಅಂಥ ಬೆಲೆಬಾಳುವ ತಂತಿಯ ಮೇಲೆ ಪರಿಚಯವಿಲ್ಲದವರಿಗೆ ಸಾಲ ಮಾರುವ ಹುಚ್ಚು ಯಾವ ವ್ಯಾಪಾರಿಗೂ ಹಿಡಿಯಲಿಲ್ಲ. ಬೇಡದ ಕರೆಯೆಂದರೆ ರಾಂಗ್ ನಂಬರ್ ಒಂದೇ, ಅದೂ ಮನರಂಜನೆಯೇ.

ಬದಲಾವಣೆಯ ಮೊದಲ ಹೆಜ್ಜೆಗಳಲ್ಲಿ ಒಂದು ಕನ್ನಡ ನೆಲದಲ್ಲಿ ಬಿತ್ತು. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆಯವರು ನಮ್ಮ ಧೂಳು, ಸೆಖೆಗಳನ್ನು ತಾಳುವಂಥ ಸಣ್ಣ ಗ್ರಾಮೀಣ ಎಕ್ಸ್‌ಚೇಂಜನ್ನು ರೂಪಿಸಿ 1986ರಲ್ಲಿ ಮೊದಲು ಇಟ್ಟದ್ದು ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ. ಮುಂದೆ ಹಳದಿ ಬಣ್ಣದ ಎಸ್‌ಟಿಡಿ ಬೂತುಗಳು ಊರೂರಿಗೆ ಬಂದುವು. ರಾತ್ರಿ ಹನ್ನೊಂದರ ಮೇಲೆ ಕಾಲು ದರವೆಂದು ಅದಕ್ಕಾಗಿ ಸರತಿಯಲ್ಲಿ ನಿಂತ ನೆನಪು ನಮ್ಮ ವಯಸ್ಸಿನ ಎಲ್ಲರಿಗೂ ಇದ್ದೀತು. 1995ರ ಜುಲೈ 31ರಂದು ದೇಶದ ಮೊದಲ ಮೊಬೈಲ್ ಕರೆ ಕಲ್ಕತ್ತೆಯಿಂದ ದಿಲ್ಲಿಗೆ ಹೋಯಿತು. ಆದರೂ ಬಂದ ಕರೆಗೂ ದುಡ್ಡು ತೆರಬೇಕಾಗಿದ್ದ ಕಾಲದಲ್ಲಿ ಮೊಬೈಲು ಶ್ರೀಮಂತರ ಕೈಯ ಆಟಿಗೆಯಾಗಿಯೇ ಇತ್ತು.

2003ರ ಮೇ 1ರಿಂದ ಕರೆ ಮಾಡಿದವನೇ ದುಡ್ಡು ಕೊಡಬೇಕು, ಬಂದ ಕರೆ ಪುಕ್ಕಟೆ ಎಂಬ ನಿಯಮ ಬಂತು. ನಮ್ಮ ಜನ ಅದರ ಬೆನ್ನಲ್ಲೇ ‘ಮಿಸ್ಡ್ ಕಾಲ್’ ಎಂಬ ದುಡ್ಡಿಲ್ಲದ ಸಂಜ್ಞಾಭಾಷೆಯನ್ನು ಬೆಳೆಸಿದರು: ಒಂದು ಬಾರಿಸಿದರೆ ಹೊರಟೆ, ಎರಡು ಬಾರಿಸಿದರೆ ತಲುಪಿದೆ. ವ್ಯಾಪಾರಿಗಳು ಕಂಡದ್ದು ಬೇರೆ ಲಾಭವನ್ನು. ಕರೆಯ ದರ ಕುಸಿಯಿತು, ಪದವೀಧರರಿಗೆ ಕೆಲಸ ಬೇಕಾಗಿತ್ತು, ಪಟ್ಟಿಗಳಲ್ಲಿ ನಂಬರುಗಳು ಬಿಕರಿಗೆ ಸಿಕ್ಕುತ್ತಿದ್ದುವು. ಈ ಮೂರು ಕೂಡಿದ ಮೇಲೆ ಮಧ್ಯಾಹ್ನದ ನಿದ್ದೆಗೆ ಸಂಚಕಾರ ಬಾರದೆ ಇದ್ದೀತೇ?

ಮಧ್ಯಾಹ್ನದ ನಿದ್ದೆಯೆಂದೊಡನೆ ಪುಣೆಯ ಮಾತು ಬರಲೇಬೇಕು. ಒಂದರಿಂದ ನಾಲ್ಕು ಅಂಗಡಿ ಮುಚ್ಚಿ ಮಲಗುವ ಪೇಟೆಯೆಂದು ಈ ಊರಿಗೆ ಮಹಾರಾಷ್ಟ್ರದಲ್ಲೆಲ್ಲ ಹೆಸರು. ಸದಾಶಿವ ಪೇಠ, ನಾರಾಯಣ ಪೇಠಗಳ ಹಳೆಯ ವಾಡೆಗಳಲ್ಲಿ ಬಾಗಿಲಿಗೊಂದು ‘ಪಾಟಿ’. ಗಂಟೆ ಒಂದೇ ಸಾರಿ ಒತ್ತಿರಿ, ಒಳಗಿರುವವರು ಕಿವುಡರಲ್ಲ, ಮಾರಾಟಗಾರರಿಗೆ ಪ್ರವೇಶವಿಲ್ಲ, ನಮಗೆ ಬೇಕಾದದ್ದನ್ನು ನಾವೇ ತರುತ್ತೇವೆ, ಎಂಬ ಧಾಟಿಯ ಬರಹಗಳು. ಬೈಗುಳವಿಲ್ಲ, ಆದರೆ ಒಂದು ಸಣ್ಣ ಚಿವುಟು ಇದೆ. ಓದಿದ ಮಾರಾಟಗಾರನೂ ನಕ್ಕು ಮುಂದಿನ ಮನೆಗೆ ಹೋಗುತ್ತಾನೆ. ದಕ್ಷಿಣದಿಂದ ಬಂದ ನಮ್ಮಂಥವರಿಗೆ ಮೊದಮೊದಲು ಇದು ಒರಟೆನಿಸುವುದುಂಟು. ಹತ್ತು ವರ್ಷ ಇಲ್ಲಿದ್ದ ಮೇಲೆ ನಾವೇ ಒಂದು ಪಾಟಿ ಬರೆಸುತ್ತೇವೆ.

ಫೋನಿಗೆ ಇಂಥ ಪಾಟಿ ತಗುಲಿಹಾಕುವ ಏರ್ಪಾಡು ಇರಲಿಲ್ಲ. 2005ರಲ್ಲಿ ವಕೀಲರೊಬ್ಬರು ಈ ಕಾಟದ ವಿರುದ್ಧ ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. 2007ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ‘ಕರೆ ಮಾಡಬೇಡಿ’ ಎಂಬ ರಾಷ್ಟ್ರೀಯ ನೋಂದಣಿಯನ್ನು ತಂದಿತು. ಬಾಗಿಲಿನ ಪಾಟಿಯ ಸರ್ಕಾರಿ ಅವತಾರವೆನ್ನಬಹುದು. ಪಾಟಿ ಓದದವರೇ ಹೆಚ್ಚೆಂಬುದಕ್ಕೆ 2010ರ ಆಗಸ್ಟಿನ ಪ್ರಸಂಗವೇ ಸಾಕ್ಷಿ. ಬೆಲೆ ಏರಿಕೆಯ ಬಗ್ಗೆ ವಿರೋಧ ಪಕ್ಷದ ಮುಖಂಡರೊಡನೆ ಮಾತನಾಡುತ್ತಿದ್ದ ಅರ್ಥಮಂತ್ರಿ ಪ್ರಣಬ್ ಮುಖರ್ಜಿಯವರ ಫೋನು ಬಾರಿಸಿತು. ತುರ್ತಿನ ಕರೆಯೆಂದು ಎತ್ತಿದರೆ, ಗೃಹಸಾಲ ಬೇಕೇ ಎಂಬ ವಿಚಾರಣೆ! ಈಗ ಬೇಡ, ಸಭೆಯಲ್ಲಿದ್ದೇನೆ ಎಂದು ಅವರು ಇಟ್ಟರಂತೆ. ದೇಶದ ಸಾಲದ ಲೆಕ್ಕ ಇಡುವವರಿಗೇ ಸಾಲ ಮಾರಲು ಹೋದ ಆ ಹುಡುಗನಿಗೆ ತಾನು ಯಾರೊಡನೆ ಮಾತನಾಡಿದೆನೆಂಬುದು ಮರುದಿನದ ಪತ್ರಿಕೆಯಲ್ಲೇ ತಿಳಿದಿರಬೇಕು. ಆ ಬಳಿಕ ಸರ್ಕಾರ ಚುರುಕಾಯಿತು. 2011ರ ಸೆಪ್ಟೆಂಬರ್ 27ರಿಂದ ಹೊಸ ಕಟ್ಟಳೆ, ಮಾರಾಟದ ಕರೆಗಳಿಗೆ 140ರಿಂದ ತೊಡಗುವ ನಂಬರು, ದೂರಿಗೆ 1909. 2018ರಲ್ಲಿ ಮತ್ತೊಂದು ಕಟ್ಟಳೆ. 2024ರಲ್ಲಿ ನೋಂದಾಯಿಸದೆ ಕರೆ ಮಾಡುವವರ 2.75 ಲಕ್ಷ ಸಂಪರ್ಕಗಳನ್ನು ಕತ್ತರಿಸಿದರು. ಆದರೂ ಕರೆ ನಿಂತಿಲ್ಲ; ಹತ್ತು ಅಂಕಿಯ ಸಾಮಾನ್ಯ ನಂಬರಿನ ವೇಷದಲ್ಲಿ ಬರುತ್ತಲೇ ಇವೆ.

ಎತ್ತಿ ‘ಹಲೋ’ ಎಂದ ಮೇಲೆ ಒಂದೆರಡು ಕ್ಷಣ ನಿಶ್ಶಬ್ದವಿರುವುದನ್ನು ವಾಚಕರು ಗಮನಿಸಿರಬಹುದು. ವಿಜ್ಞಾನದ ವಿದ್ಯಾರ್ಥಿಗಳಾಗಿದ್ದ ನಮಗೆ ಇದರ ಕಾರಣ ಸ್ವಾರಸ್ಯವೆನಿಸಿತು. ಅಲ್ಲಿ ಮನುಷ್ಯರು ನಂಬರು ತಿರುಗಿಸುವುದಿಲ್ಲ. ಯಂತ್ರ ಏಕಕಾಲಕ್ಕೆ ಹಲವು ನಂಬರುಗಳನ್ನು ಕರೆದು, ಯಾರು ಎತ್ತುತ್ತಾರೋ ಅವರನ್ನು ಬಿಡುವಾಗಿರುವ ನೌಕರನಿಗೆ ಜೋಡಿಸುತ್ತದೆ. ಆ ನಿಶ್ಶಬ್ದ ಜೋಡಣೆಯ ಸಮಯ. ಅಷ್ಟರಲ್ಲಿ ನಮ್ಮ ಪಾತ್ರಕ್ಕೆ ಬಣ್ಣ ಹಚ್ಚಿಕೊಳ್ಳಲು ಸಾಕಷ್ಟು ವೇಳೆ ಸಿಕ್ಕುತ್ತದೆ!

ನಮ್ಮ ಬಳಗದಲ್ಲಿ ಒಬ್ಬೊಬ್ಬರದು ಒಂದೊಂದು ಪಾತ್ರ. ಚಿಂಚವಡದ ಮಿತ್ರರೊಬ್ಬರು ಹಿಂದಿ, ಮರಾಠಿ, ಇಂಗ್ಲಿಷ್ ಮೂರಕ್ಕೂ ಅಚ್ಚ ಬೈಲಹೊಂಗಲದ ಕನ್ನಡದಲ್ಲಿ ಉತ್ತರಿಸುತ್ತಾರೆ: “ಯಾರ್ರೀ? ಯಾರ ಬೇಕಾಗಿತ್ತು? ಜೋರಾಗಿ ಹೇಳ್ರಿ, ಇಲ್ಲಿ ಗಿರಣಿ ನಡದೈತಿ.” ಎರಡನೆಯ ಸುತ್ತಿಗೆ ಕರೆ ತಾನಾಗಿಯೇ ಕಡಿಯುತ್ತದೆ. ನಮ್ಮದು ಕಚೇರಿಯ ಧಾಟಿ. ಕಾರು ಕೊಳ್ಳಲು ಸಾಲ ಕೊಡುತ್ತೇನೆಂದವನಿಗೆ, ಎರಡು ತಿಂಗಳ ಮೂಲವೇತನ ಮೀರಿದ ಚರಾಸ್ತಿಯ ವ್ಯವಹಾರವನ್ನು 1964ರ ನಡತೆ ನಿಯಮಗಳ 18ನೆಯ ನಿಯಮದಂತೆ ಇಲಾಖೆಗೆ ತಿಳಿಸಬೇಕಾಗುತ್ತದೆ, ಆದಕಾರಣ ತಮ್ಮ ಪ್ರಸ್ತಾಪವನ್ನು ಮೂರು ಪ್ರತಿಗಳಲ್ಲಿ ಕಳಿಸಿದರೆ ಮೇಲಿನವರಿಗೆ ಮಂಡಿಸುತ್ತೇವೆ ಎಂದು ವಿನಯದಿಂದ ಹೇಳುತ್ತೇವೆ. ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ, ಮೂರು ಪ್ರತಿಗಳನ್ನು ಬಿಟ್ಟರೆ. ತುಟ್ಟಿಭತ್ಯೆ ಏರಿದ ಸುದ್ದಿ ಈ ಹುಡುಗರಿಗೆ ನಮಗಿಂತ ಮುಂಚೆ ಹೇಗೆ ಗೊತ್ತಾಗುತ್ತದೋ ತಿಳಿಯದು.

ಆದರೆ ಬೈಯುವವರೂ ಇದ್ದಾರೆ. ತಾಯಿ ತಂದೆ ಎತ್ತಿ ಬೈದು, ಅದನ್ನು ರೆಕಾರ್ಡು ಮಾಡಿ ನಾಲ್ಕು ಜನಕ್ಕೆ ಕೇಳಿಸಿ ನಗುತ್ತಾರೆ. ಅದನ್ನು ಹಾಸ್ಯವೆನ್ನಲು ನಮಗೆ ಮನಸ್ಸಿಲ್ಲ. ಹಡಪಸರ, ಹಿಂಜವಡಿ, ಖರಾಡಿಗಳ ಕಟ್ಟಡಗಳಲ್ಲಿ ಕಿವಿಗೆ ಯಂತ್ರ ಸಿಕ್ಕಿಸಿ ಕೂತ ಆ ಮಕ್ಕಳಿಗೆ ದಿನಕ್ಕೆ ಇಷ್ಟು ಕರೆಯೆಂಬ ಲೆಕ್ಕವಿದೆ. ನಮ್ಮ ಬಳಗದ ಮಕ್ಕಳೂ ಆ ಕುರ್ಚಿಗಳಲ್ಲಿ ಕೂತು ಬಂದವರೇ. ಒಬ್ಬ ಹುಡುಗಿ ಮೊದಲ ಸಂಬಳದಲ್ಲಿ ತಾಯಿಗೆ ಇಳಕಲ್ ಸೀರೆ ತಂದಳು. ಮೂರನೆಯ ತಿಂಗಳಿಗೆ, ಬೈಗುಳ ಕೇಳಲಾರೆನೆಂದು ಕೆಲಸ ಬಿಟ್ಟಳು.

ಮೋಸಗಾರರ ಮಾತು ಬೇರೆ. ಪೊಲೀಸರು, ಸಿಬಿಐಯವರು ಎಂದು ಹೆದರಿಸಿ, ವಿಡಿಯೋ ಕರೆಯಲ್ಲೇ ‘ಡಿಜಿಟಲ್ ಅರೆಸ್ಟ್’ ಮಾಡಿದ್ದೇವೆಂದು ಕೂರಿಸಿ, ಉಳಿತಾಯವನ್ನೆಲ್ಲ ದೋಚುವ ದಂಧೆ ಇತ್ತೀಚೆಗೆ ಬೆಳೆದಿದೆ. ಅಂಥ ಬಂಧನ ನಮ್ಮ ಯಾವ ಕಾಯಿದೆಯಲ್ಲೂ ಇಲ್ಲ. ನಮ್ಮ ಪರಿಚಯದ ನಿವೃತ್ತರೊಬ್ಬರು ಎರಡು ದಿನ ಕೋಣೆಯಿಂದ ಹೊರಗೆ ಬರಲಿಲ್ಲ. ಊಟಕ್ಕೆ ಕರೆದರೆ ಸಣ್ಣ ದನಿಯಲ್ಲಿ ಬೇಡವೆಂದರು. ಪಿಂಚಣಿಯ ಗಂಟು ಹೋದದ್ದಕ್ಕಿಂತ, ಆ ಎರಡು ದಿನ ತಾವು ಹೆದರಿ ಕೂತದ್ದನ್ನೇ ಅವರು ಇಂದಿಗೂ ಹೇಳಿಕೊಳ್ಳಲಾರರು.

2024ರ ಅಕ್ಟೋಬರ್ 27ರಂದು ಪ್ರಧಾನಮಂತ್ರಿಗಳು ‘ಮನ್ ಕೀ ಬಾತ್’ನಲ್ಲಿ ಇಂಥದೊಂದು ಕರೆಯ ಧ್ವನಿಮುದ್ರಣವನ್ನು ದೇಶಕ್ಕೆಲ್ಲ ಕೇಳಿಸಿದರು. ಕರೆ ಬಂದದ್ದು ನಮ್ಮ ವಿಜಯಪುರದವರೊಬ್ಬರಿಗೆ. ಎದುರಿನವನು ದೂರುಗಳ ಪಟ್ಟಿ ಓದಿ ಆಧಾರ್ ತೋರಿಸೆಂದು ಗದರುತ್ತಾನೆ. ಇವರು ಪ್ರತಿ ಮಾತಿಗೂ ‘ಸರ್’ ಸೇರಿಸಿ, ಅದು ಇಲ್ಲ ಸರ್, ಇದೂ ಇಲ್ಲ ಸರ್ ಎಂದು ತಣ್ಣಗೆ ಹೇಳುತ್ತ, ಎಲ್ಲವನ್ನೂ ಮುದ್ರಿಸಿಕೊಂಡರು. ಅದೇ ವರ್ಷದ ನವೆಂಬರಿನಲ್ಲಿ ಬ್ರಿಟನ್ನಿನ ‘ಓ-2’ ಎಂಬ ಫೋನ್ ಕಂಪನಿಯವರು ‘ಡೇಸಿ’ ಎಂಬ ಯಂತ್ರದ ಅಜ್ಜಿಯನ್ನು ಸೃಷ್ಟಿಸಿದರು. ಹೆಣಿಗೆ, ಬೆಕ್ಕು, ಮನೆವಾರ್ತೆಗಳನ್ನು ಹೇಳುತ್ತ ಮೋಸಗಾರರನ್ನು ನಲವತ್ತು ನಿಮಿಷದ ತನಕ ಕಟ್ಟಿಹಾಕುವುದು ಈಕೆಯ ಕಸುಬು. ಕಂಪನಿಯ ಅಜ್ಜಿ ಮಾಡಲಿ. ನಮ್ಮ ಮನೆಯ ಅಜ್ಜಿಯರು ಇಂಥ ಕರೆ ಬಂದೊಡನೆ ಕಡಿದು 1930ಕ್ಕೆ ತಿಳಿಸುವುದೇ ಸರಿ. ಕಳ್ಳನೊಡನೆ ತಮಾಷೆಗೆ ಎಲ್ಲರಿಗೂ ವಿಜಯಪುರದ ತಾಳ್ಮೆ ಇರುವುದಿಲ್ಲ.

ಬರಿಯ ಮಾರಾಟದ ಕರೆಯಾದರೆ ನಮ್ಮ ತಾಯಿಯವರ ರೀತಿಯೇ ಬೇರೆ. ಪುಣೆಗೆ ಬಂದು ಇಪ್ಪತ್ತು ವರ್ಷವಾದರೂ ಅವರ ಹಿಂದಿಗೆ ಕನ್ನಡದ ಸೆರಗು ಬಿಟ್ಟಿಲ್ಲ. ಕಳೆದ ಶ್ರಾವಣದಲ್ಲಿ ಒಂದು ಮಧ್ಯಾಹ್ನ ಮೂರರ ಹೊತ್ತಿಗೆ ಸಾಲದ ಕರೆ ಬಂತು. ಹುಡುಗಿ ಪಾಠ ಒಪ್ಪಿಸುವಂತೆ ಹಿಂದಿಯಲ್ಲಿ ಬಡ್ಡಿಯ ದರ ಹೇಳಿ ಮುಗಿಸಿದಳು. ತಾಯಿಯವರು ಎಲ್ಲ ಕೇಳಿ, “ಬೇಟಾ, ತುಮ್ಹಾರಾ ಊಟ ಹುವಾ ಕ್ಯಾ?” ಎಂದರು. ಆ ಕಡೆ ಸದ್ದಿಲ್ಲ. ಆಮೇಲೆ ಸಣ್ಣ ದನಿ: “ಇನ್ನೂ ಇಲ್ಲರೀ ಅಮ್ಮಾ.”

ಇಂಡಿ ತಾಲ್ಲೂಕಿನ ಹುಡುಗಿ. ಬಿ.ಕಾಂ. ಆಗಿದೆ, ಬಂದು ಐದು ತಿಂಗಳು, ಹಡಪಸರದಲ್ಲಿ ಪಿ.ಜಿ.ಯ ಒಂದು ಕೋಣೆಯಲ್ಲಿ ನಾಲ್ವರು. ರೊಟ್ಟಿ ಸಿಗುತ್ತದೇನವ್ವಾ, ಊರಿಗೆ ಹೋಗಿದ್ದೆಯಾ, ಈ ಸಲ ಮಳೆ ಹೇಗೆ ಎಂದು ಮಾತು ಸಾಗಿತು. ನಾಲ್ಕನೆಯ ನಿಮಿಷಕ್ಕೆ ಆಕೆಯ ಹಿಂದೆ ಯಾರೋ ಹಿಂದಿಯಲ್ಲಿ ಗದರಿದ್ದು ನಮಗೂ ಕೇಳಿಸಿತು. ಹುಡುಗಿಯ ದನಿ ಒಮ್ಮೆಗೇ ಬದಲಾಯಿತು: “ತೋ ಮ್ಯಾಡಮ್, ಆಪ್ ಲೋನ್ ಕೇ ಲಿಯೇ ಇಂಟರೆಸ್ಟೆಡ್ ಹೈ?” ತಾಯಿಯವರು ಫೋನನ್ನು ಬಾಯಿಗೆ ಹತ್ತಿರ ಹಿಡಿದು, ಹಿಂದೆ ನಿಂತವನಿಗೂ ಕೇಳಿಸಲೆಂದು ಗಟ್ಟಿಯಾಗಿ, “ಹಾಂ ಹಾಂ, ಸೋಚಕೇ ಬತಾತೀ ಹೂಂ. ಕಲ್ ಫಿರ್ ಫೋನ್ ಕರೋ,” ಎಂದರು.