ಲೇತಿನ ಮೇಲಿನ ಬೆಳಕು

'ದೀಪದ ಬುಡದಲ್ಲಿ ಕತ್ತಲೆ' ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ದೊಡ್ಡವರ ಮನೆಯ ಹುಳುಕನ್ನು ಎತ್ತಿ ಆಡುವಾಗ ಬಳಸುತ್ತೇವೆ. ಅದು ಯಂತ್ರಶಾಲೆಯ ಗಾದೆಯೂ ಹೌದೆಂಬುದು ನನಗೆ ತಿಳಿದದ್ದು ಕಳೆದ ವರ್ಷ ಮಳೆಗಾಲದ ಒಂದು ಸಂಜೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ತನ್ನ ಮನೆಯ ಹಿತ್ತಲ ಕೊಟ್ಟಿಗೆಯಲ್ಲಿ ಸಣ್ಣದೊಂದು ಲೇತನ್ನು ಇಟ್ಟುಕೊಂಡಿದ್ದಾನೆ. ನೋಡಲು ಬನ್ನಿರೆಂದು ಕರೆದಿದ್ದನು. ಮೇಲೆ ಹಳೆಯ ಕಾಲದ ಒಂದೇ ಒಂದು ಟ್ಯೂಬುಲೈಟು. ಪಕ್ಕದಲ್ಲಿ ಸಾಣೆಯಂತ್ರದ ಆರ್ಭಟ. ಲೇತಿನಲ್ಲಿ ಕೆಲಸದ ತುಂಡನ್ನು ಕಚ್ಚಿ ಹಿಡಿಯುವ 'ಚಕ್ಕಿ'ನ ಮೂರು ದವಡೆಗಳು, ಸ್ವಲ್ಪ ಮಸುಕಾಗಿ, ನಿಂತಂತೆಯೇ ಕಂಡವು. ಇದೇನೆಂದು ಕೇಳುತ್ತ ನಾನು ಬೆರಳು ಚಾಚಿದೆ. ಹುಡುಗನು ಥಟ್ಟನೆ ನನ್ನ ಮಣಿಕಟ್ಟನ್ನು ಹಿಡಿದು ಹಿಂದಕ್ಕೆ ಎಳೆದನು. ಚಕ್ಕು ನಿಂತಿರಲಿಲ್ಲ; ನಿಮಿಷಕ್ಕೆ ಸುಮಾರು ಎರಡು ಸಾವಿರ ಸುತ್ತು ತಿರುಗುತ್ತಿತ್ತು!

ಕತ್ತಲೆಯಲ್ಲಿ ಕಾಣದಿರುವುದು ಒಂದು ಅಪಾಯ. ಬೆಳಕಿನಲ್ಲಿ ಸುಳ್ಳು ಕಾಣುವುದು ಅದಕ್ಕಿಂತ ದೊಡ್ಡ ಅಪಾಯ. ಲೇತಿನ ಮುಂದೆ ನಿಂತವನಿಗೆ ಎಷ್ಟು ಬೆಳಕು ಬೇಕೆಂಬುದಕ್ಕಿಂತ ಎಂತಹ ಬೆಳಕು, ಎತ್ತಣಿಂದ ಬರಬೇಕೆಂಬುದು ಮುಖ್ಯ. ಇದನ್ನು ಮನುಷ್ಯನು ಒಮ್ಮೆ ಕಲಿತು, ಹೊಸ ದೀಪ ಬಂದಾಗಲೆಲ್ಲ ಮರೆತು, ಮತ್ತೆ ಕಲಿತ ಕಥೆಯನ್ನು ವಾಚಕರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

'ಕಡೆ' ಎಂಬ ನಮ್ಮ ಧಾತುವನ್ನು ನೋಡಿರಿ. ಮೊಸರನ್ನು ಕಡೆಯುತ್ತೇವೆ, ಮರವನ್ನು ಕಡೆಯುತ್ತೇವೆ, ಕಲ್ಲಿನ ಕಂಬವನ್ನೂ ಕಡೆಯುತ್ತೇವೆ. ತಿರುಗಿಸಿ ಮಾಡುವ ಕೆಲಸಕ್ಕೆಲ್ಲ ಒಂದೇ ಮಾತು. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ದೇವಾಲಯದಲ್ಲಿ ಬಳಪದ ಕಲ್ಲಿನ ಕಡೆದ ಕಂಬಗಳ ಮೈಮೇಲಿನ ಬಳೆಗಳನ್ನು ನೋಡಿದವರಿಗೆ ಈ ಮಾತಿನ ಅರ್ಥ ಬೇರೆ ಹೇಳಬೇಕಾಗಿಲ್ಲ. ಚನ್ನಪಟ್ಟಣದ ಬೊಂಬೆಗಳು ಹುಟ್ಟುವುದೂ ಹೀಗೆ ಕಡೆಯುವುದರಿಂದಲೇ. ಇಂತಹ ಕೆಲಸಕ್ಕೆ ಮೊದಲ ದೀಪ ಸೂರ್ಯನೇ.

ಲೋಹವನ್ನು ಕಡೆಯುವ ಇಂದಿನ ಲೇತಿನ ವಂಶವನ್ನು ಹುಡುಕಿಕೊಂಡು ಹೊರಟರೆ ನಾವು ಇಂಗ್ಲೆಂಡಿಗೆ ಹೋಗಬೇಕಾಗುತ್ತದೆ. ಲಂಡನ್ನಿನ ಹೆನ್ರಿ ಮಾಡ್ಸ್ಲೆ ಎಂಬ ಕುಶಲಕರ್ಮಿಯು ಸುಮಾರು 1800ರ ಹೊತ್ತಿಗೆ ತಿರುಪಿನ ಎಳೆಗಳನ್ನು ಕರಾರುವಾಕ್ಕಾಗಿ ಕತ್ತರಿಸುವ ಲೇತನ್ನು ರೂಪಿಸಿದನು. ಅದೇ ನಗರದಲ್ಲಿ ಹೋಲ್ಟ್‌ಜಾಪ್ಫೆಲ್ ಮನೆತನದವರು ಶ್ರೀಮಂತ ಹವ್ಯಾಸಿಗಳಿಗಾಗಿ ಅಲಂಕಾರದ ಲೇತುಗಳನ್ನು ಮಾಡಿ ಮಾರುತ್ತಿದ್ದರು. ಮನೆಯಲ್ಲಿ ಲೇತು ಇಟ್ಟುಕೊಳ್ಳುವ ಚಪಲ ಇಂದಿನದಲ್ಲವೆಂಬುದಕ್ಕೆ ಇದೇ ಸಾಕ್ಷಿ. ಆ ಕಾಲದ ಕುಶಲಕರ್ಮಿಯು ತನ್ನ ಮೇಜನ್ನು ಕಿಟಕಿಯ ಮಗ್ಗುಲಿಗೆ ಹಾಕಿಕೊಳ್ಳುತ್ತಿದ್ದನು. ಸಾಧ್ಯವಾದರೆ ಉತ್ತರದ ಕಿಟಕಿ. ಏಕೆಂದರೆ ಆ ದೇಶದಲ್ಲಿ ನಡುಹಗಲ ಸೂರ್ಯ ಎಂದೂ ದಕ್ಷಿಣಕ್ಕೇ ಇರುವುದರಿಂದ, ಉತ್ತರದ ಕಡೆಯಿಂದ ಬರುವುದು ನೇರವಾದ ಬಿಸಿಲಲ್ಲ, ಆಕಾಶದ ತಂಪಾದ, ನಿಶ್ಚಲವಾದ ಬೆಳಕು. ಮುಂದೆ ಕಾರ್ಖಾನೆಗಳು ಗರಗಸದ ಹಲ್ಲಿನಂತಹ ಮಾಡುಗಳನ್ನು ಕಟ್ಟಿ, ಹಲ್ಲಿನ ಗಾಜಿನ ಮುಖವನ್ನು ಉತ್ತರಕ್ಕೆ ತಿರುಗಿಸಿದ್ದರ ಗುಟ್ಟೂ ಇದೇ. ನಮ್ಮ ಬೆಂಗಳೂರಿನ ಅಕ್ಷಾಂಶ ಸುಮಾರು 13 ಡಿಗ್ರಿ. ಇಲ್ಲಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ನಡುವಿನ ತನಕ ನಡುಹಗಲ ಸೂರ್ಯ ಉತ್ತರಕ್ಕೇ ವಾಲಿರುತ್ತಾನೆ. ಆದುದರಿಂದ ಇಲ್ಲಿ ಉತ್ತರದ ಕಿಟಕಿಗೂ ಒಂದು ಚಾಚು ಬೇಕು. ಶಾಸ್ತ್ರ ಒಂದೇ, ದೇಶಕ್ಕೆ ತಕ್ಕಂತೆ ಪ್ರಯೋಗ ಬೇರೆ.

ಸೂರ್ಯ ಮುಳುಗಿದ ಮೇಲೆ? ಮೇಣದ ಬತ್ತಿ, ಎಣ್ಣೆಯ ದೀಪ. ಇವುಗಳ ಬೆಳಕು ಅಲ್ಪ. ಆದರೆ ಬಡವನ ಬುದ್ಧಿ ಅಲ್ಪವಲ್ಲ. ಯೂರೋಪಿನ ಚಮ್ಮಾರರೂ ಕಸೂತಿಯ ಹೆಂಗಸರೂ ಗುಂಡಾದ ಗಾಜಿನ ಬುದ್ದಲಿಯಲ್ಲಿ ನೀರು ತುಂಬಿ, ಬತ್ತಿಗೂ ಕೆಲಸಕ್ಕೂ ನಡುವೆ ಇಟ್ಟುಕೊಂಡರು. ನೀರು ತುಂಬಿದ ಬುದ್ದಲಿ ಮಸೂರದಂತೆ ವರ್ತಿಸಿ, ಚದರಿಹೋಗುವ ಬೆಳಕನ್ನು ಕೂಡಿಸಿ ಸೂಜಿಯ ಮೊನೆಯ ಮೇಲೆ ಬೀಳಿಸುತ್ತಿತ್ತು. ದೀಪವನ್ನು ದೊಡ್ಡದು ಮಾಡದೆ ಬೆಳಕನ್ನು ಬೇಕಾದ ಎಡೆಗೆ ಒಯ್ಯುವ ಈ ಉಪಾಯದಲ್ಲಿ ನಮ್ಮ ಕಥೆಯ ಸಾರವೆಲ್ಲ ಅಡಗಿದೆ.

1780ರಲ್ಲಿ ಸ್ವಿಟ್ಜರ್ಲೆಂಡಿನ ಆರ್ಗಾಂಡನು ಕೊಳವೆಯಾಕಾರದ ಬತ್ತಿಯೊಳಗೆ ಗಾಳಿಯಾಡುವಂತೆ ಮಾಡಿ, ಹೊಗೆ ಕಡಿಮೆಯಾದ, ಪ್ರಖರವಾದ ಎಣ್ಣೆ ದೀಪವನ್ನು ರಚಿಸಿದನು. ಅದರ ಹಿಂದೆಯೇ ಕಲ್ಲಿದ್ದಲ ಅನಿಲ ಬಂದಿತು. ವಿಲಿಯಂ ಮರ್ಡಾಕ್ ಎಂಬ ಸ್ಕಾಟ್ ಯಂತ್ರಜ್ಞನು 1792ರಲ್ಲಿ ಕಾರ್ನ್‌ವಾಲಿನ ತನ್ನ ಮನೆಯನ್ನೇ ಅನಿಲದಿಂದ ಬೆಳಗಿಸಿದನು. ಬಳಿಕ ಮ್ಯಾಂಚೆಸ್ಟರಿನ ಪಕ್ಕದ ಸಾಲ್ಫರ್ಡಿನಲ್ಲಿ ಒಂದು ಹತ್ತಿ ಗಿರಣಿಗೆ ದೀಪ ಹಾಕಿಸಿ, ಅದರ ಲೆಕ್ಕವನ್ನು 1808ರಲ್ಲಿ ರಾಯಲ್ ಸೊಸೈಟಿಗೆ ಒಪ್ಪಿಸಿದನು. ಅಲ್ಲಿ ಉರಿಯುತ್ತಿದ್ದ ಒಟ್ಟು 904 ಜ್ವಾಲೆಗಳ ಬೆಳಕು 2500 ಮೇಣದ ಬತ್ತಿಗಳ ಬೆಳಕಿಗೆ ಸಮ. ಬತ್ತಿಗಳಿಗಾದರೆ ವರ್ಷಕ್ಕೆ 2000 ಪೌಂಡು ಬೇಕಾಗುತ್ತಿತ್ತು. ಅನಿಲಕ್ಕೆ 600 ಪೌಂಡು ಸಾಕಾಯಿತು. ಲೆಕ್ಕ ಚೆನ್ನಾಗಿದೆ. ಆದರೆ ಈ ಲೆಕ್ಕದಲ್ಲಿ ಕಾಣದ ಒಂದು ಬಾಬು ಉಂಟು. ಬೆಳಕು ಅಗ್ಗವಾದಷ್ಟೂ ಮಾಲಿಕನಿಗೆ ರಾತ್ರಿಯೂ ಹಗಲೇ ಆಯಿತು. ಗಿರಣಿಯ ಕೂಲಿಯು ಗೆದ್ದದ್ದು ಬೆಳಕನ್ನೋ, ಇನ್ನಷ್ಟು ದುಡಿಮೆಯನ್ನೋ? ವಾಚಕರೇ ತೀರ್ಮಾನಿಸಲಿ.

1879ರಲ್ಲಿ ಇಂಗ್ಲೆಂಡಿನ ಸ್ವಾನ್, ಅಮೆರಿಕದ ಎಡಿಸನ್, ಇಬ್ಬರೂ ಇಂಗಾಲದ ತಂತಿಯ ವಿದ್ಯುದ್ದೀಪವನ್ನು ಬೆಳಗಿಸಿ ತೋರಿಸಿದರು. ನಮ್ಮ ನಾಡು ಈ ವಿಷಯದಲ್ಲಿ ಬಹಳ ಹಿಂದೆ ಬೀಳಲಿಲ್ಲ. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪವಾಗಿ ಬೆಳಗಿತು. ವಿದ್ಯುತ್ತಿನ ದೊಡ್ಡ ಗುಣ ಪ್ರಖರತೆಯೊಂದೇ ಅಲ್ಲ. ಅನಿಲದ ಜ್ವಾಲೆ ಗೋಡೆಯ ಕೊಳವೆಗೆ ಕಟ್ಟುಬಿದ್ದದ್ದು. ಬಲ್ಬು ತಂತಿಯ ತುದಿಯಲ್ಲಿ ಎಲ್ಲಿಗೆ ಬೇಕಾದರೂ ಬರುವಂಥದು. ಆದರೂ ಬಹುಕಾಲ ಅದನ್ನು ಚಾವಣಿಯಿಂದಲೇ ತೂಗುಹಾಕಿದರು. ಕೆಲಸಗಾರನು ಬಗ್ಗಿದರೆ ಅವನ ತಲೆಯ ನೆರಳೇ ಉಳಿಯ ಮೊನೆಯ ಮೇಲೆ! ಇದನ್ನು ನೇರ್ಪಡಿಸಿದವನು ಮೋಟಾರು ಗಾಡಿಗಳ ಸ್ಪ್ರಿಂಗುಗಳಲ್ಲಿ ಪಳಗಿದ್ದ ಜಾರ್ಜ್ ಕಾರ್ವಾರ್ಡಿನ್ ಎಂಬ ಆಂಗ್ಲ ಯಂತ್ರಶಿಲ್ಪಿ. ಎತ್ತ ಎಳೆದರೆ ಅತ್ತ ಬಂದು, ಬಿಟ್ಟಲ್ಲಿಯೇ ನಿಲ್ಲುವ, ಸ್ಪ್ರಿಂಗುಗಳಿಂದ ತೂಗಿಸಿದ ತೋಳುದೀಪಕ್ಕೆ ಅವನು 1932ರಲ್ಲಿ ಪೇಟೆಂಟು ಪಡೆದನು. ಆಂಗಲ್‌ಪಾಯ್ಸ್ ಎಂಬ ಹೆಸರಿನಿಂದ ಅದು ಲೋಕಪ್ರಸಿದ್ಧವಾಯಿತು. ನೀರಿನ ಬುದ್ದಲಿಯ ಚಮ್ಮಾರನು ಕಂಡುಕೊಂಡಿದ್ದುದೇ ಇಲ್ಲಿ ಮತ್ತೆ ಕೈಗೂಡಿತು.

ಈ ನಡುವೆ ಲೇತು ಸಾಮಾನ್ಯರ ಮನೆಗೂ ಕಾಲಿಟ್ಟಿತ್ತು. 1898ರಲ್ಲಿ ಲಂಡನ್ನಿನಲ್ಲಿ ಪರ್ಸಿವಲ್ ಮಾರ್ಷಲನು 'ಮಾಡೆಲ್ ಎಂಜಿನಿಯರ್' ಪತ್ರಿಕೆಯನ್ನು ಆರಂಭಿಸಿದ್ದು ಇಂತಹ ಹವ್ಯಾಸಿಗಳಿಗಾಗಿಯೇ. 1946ರಲ್ಲಿ ಬಂದ ಮೈಫೋರ್ಡ್ ಎಂಬ ಸಣ್ಣ ಲೇತು ಅವರ ಕಣ್ಮಣಿಯಾಯಿತು. ನಮ್ಮಲ್ಲಿ 1953ರಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸ್ಥಾಪನೆಯಾಗಿ, ಲೇತು ಎಂಬುದು ಕನ್ನಡ ಮನೆಗಳ ಮಾತಾಯಿತು.

ಸರಿಯಾಗಿ ಇದೇ ಹೊತ್ತಿನಲ್ಲಿ ಟ್ಯೂಬುಲೈಟು ಬಂದಿತು. ಅಮೆರಿಕದಲ್ಲಿ 1938ರಲ್ಲಿ ಮಾರಾಟಕ್ಕೆ ಬಂದ ಈ ದೀಪ ಕಡಿಮೆ ಖರ್ಚಿನಲ್ಲಿ ಹೆಚ್ಚು ಬೆಳಕು ಕೊಡುತ್ತದೆ, ನೆರಳನ್ನು ಮೃದುವಾಗಿಸುತ್ತದೆ. ಆದರೆ ಅದರಲ್ಲಿ ಒಂದು ಮೋಸವಿತ್ತು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದು. ಪ್ರತಿ ಆವರ್ತದಲ್ಲಿಯೂ ಪ್ರವಾಹವು ಎರಡು ಸಲ ಸೊನ್ನೆಗೆ ಇಳಿಯುವುದರಿಂದ ಹಳೆಯ ಚೋಕಿನ ಟ್ಯೂಬುಲೈಟು ಸೆಕೆಂಡಿಗೆ 100 ಸಲ ಕುಂದಿ ಬೆಳಗುತ್ತದೆ. ಕಣ್ಣಿಗೆ ಇದು ತಿಳಿಯುವುದಿಲ್ಲ. ಈಗ ಮೂರು ದವಡೆಯ ಚಕ್ಕು ನಿಮಿಷಕ್ಕೆ 2000 ಸುತ್ತು ತಿರುಗುತ್ತಿದೆಯೆನ್ನಿ. ಒಂದು ಮಿನುಗಿಗೂ ಇನ್ನೊಂದಕ್ಕೂ ನಡುವೆ ಅದು ಸರಿಯಾಗಿ ಮೂರನೆಯ ಒಂದು ಸುತ್ತು ಹೋಗಿರುತ್ತದೆ. ಒಂದು ದವಡೆಯ ಜಾಗದಲ್ಲಿ ಮತ್ತೊಂದು ಬಂದು ನಿಂತಿರುತ್ತದೆ. ಕಣ್ಣು ಮೂರೂ ನಿಂತಿವೆ ಎನ್ನುತ್ತದೆ! ನಾಲ್ಕು ದವಡೆಯ ಚಕ್ಕಿಗೆ 1500 ಸುತ್ತಿನಲ್ಲಿಯೇ ಈ ಭ್ರಮೆ. ವೇಗ ತುಸು ಕಡಿಮೆಯಾದರೆ ಚಕ್ಕು ಮೆಲ್ಲಗೆ ಹಿಂದಕ್ಕೆ ಹೋದಂತೆ ತೋರುತ್ತದೆ. ನನ್ನ ಬೆರಳು ಅಂದು ನಂಬಿದ್ದು ಈ ಲೆಕ್ಕವನ್ನೇ.

ಯಂತ್ರಶಾಲೆಗಳವರು ಇದಕ್ಕೆ ಮದ್ದನ್ನು ಕಂಡುಕೊಂಡರು. ಒಂದು ಕುಂದುವಾಗ ಇನ್ನೊಂದು ಬೆಳಗುವಂತೆ ಟ್ಯೂಬುಗಳನ್ನು ಜೋಡಿಯಾಗಿ ಹೊಂದಿಸಿದರು. ದೊಡ್ಡ ಕಾರ್ಖಾನೆಗಳಲ್ಲಿ ದೀಪಗಳನ್ನು ವಿದ್ಯುತ್ತಿನ ಮೂರು ಫೇಸುಗಳಿಗೆ ಹಂಚಿದರು. ಲೇತಿನ ಬಳಿ 24 ವೋಲ್ಟಿನಂತಹ ಕಡಿಮೆ ಒತ್ತಡದ ತಂತಿಯ ಬಲ್ಬನ್ನು ಇಟ್ಟರು. ಅಂತಹ ಬಲ್ಬಿನ ದಪ್ಪನೆಯ ತಂತಿ ನೂರನೆಯ ಒಂದು ಸೆಕೆಂಡಿನಲ್ಲಿ ತಣಿಯಲಾರದು. ಆದುದರಿಂದ ಅದರ ಬೆಳಕು ಬಹುಮಟ್ಟಿಗೆ ಸ್ಥಿರ. ಎಣ್ಣೆ ನೀರು ಸಿಡಿಯುವ ಕಬ್ಬಿಣದ ಯಂತ್ರದ ಮೇಲೆ ಆಘಾತದ ಭಯವೂ ಕಡಿಮೆ.

ಈಗ ಎಲ್‌ಇಡಿಯ ಕಾಲ. ನೀಲಿ ಎಲ್‌ಇಡಿಯನ್ನು ಸಾಧಿಸಿ ಬಿಳಿಯ ಬೆಳಕಿಗೆ ದಾರಿ ಮಾಡಿದ ಅಕಾಸಾಕಿ, ಅಮಾನೊ, ನಕಾಮುರ ಎಂಬ ಮೂವರಿಗೆ 2014ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಆದರೆ ಎಲ್‌ಇಡಿಗೆ ಹಿಂದಿನ ಬಲ್ಬಿನ ತಾಳ್ಮೆಯಿಲ್ಲ. ಪ್ರವಾಹ ಕುಂದಿದರೆ ಕ್ಷಣಾರ್ಧದಲ್ಲಿ ತಾನೂ ಕುಂದುತ್ತದೆ. ಅಗ್ಗದ ದೀಪಗಳಲ್ಲಿ ಪ್ರವಾಹವನ್ನು ಸಮಗೊಳಿಸುವ ಭಾಗ ಕಳಪೆಯಾಗಿದ್ದರೆ ಟ್ಯೂಬುಲೈಟಿನ ಹಳೆಯ ಮೋಸವೇ ಹೊಸ ವೇಷದಲ್ಲಿ ಬಂದಂತೆ. ಪರೀಕ್ಷೆ ಸುಲಭ. ರಾತ್ರಿ ಆ ದೀಪವೊಂದನ್ನೇ ಹಚ್ಚಿ, ಬಿಳಿಯ ಕಡ್ಡಿಯೊಂದನ್ನು ಕಣ್ಣ ಮುಂದೆ ಬೇಗಬೇಗನೆ ಬೀಸಿರಿ. ಅದು ಬೀಸಣಿಗೆಯಂತೆ ಒಂದೇ ಸಮನಾಗಿ ಹರಡಿದರೆ ದೀಪ ಪ್ರಾಮಾಣಿಕ. ಬಿಡಿಬಿಡಿಯಾಗಿ ಹಲವು ಕಡ್ಡಿಗಳು ಕಂಡರೆ ಅದನ್ನು ಲೇತಿನ ಹತ್ತಿರ ಸೇರಿಸಬೇಡಿರಿ.

ಹಾಗಾದರೆ ಮನೆಯಲ್ಲಿ ಲೇತು ಇಟ್ಟವನು ಏನು ಮಾಡಬೇಕು? ಈ ಇತಿಹಾಸವೇ ಉತ್ತರ ಹೇಳುತ್ತದೆ. ಕಿಟಕಿಯಿಂದ ಕಲಿತದ್ದು: ಕೋಣೆಗೆಲ್ಲ ಹರಡಿದ ಮೃದುವಾದ ಬೆಳಕಿರಲಿ, ಗೋಡೆಗೆ ಸುಣ್ಣದ ಬಿಳುಪಿರಲಿ, ಮೇಲಿನ ದೀಪ ನಿಮ್ಮ ಬೆನ್ನ ಹಿಂದೆ ಬೇಡ, ತಲೆಗಿಂತ ಸ್ವಲ್ಪ ಮುಂದೆ ಇರಲಿ. ಬುದ್ದಲಿಯಿಂದ ಕಲಿತದ್ದು: ಒಂದು ತೋಳುದೀಪದ ಬೆಳಕು ಉಳಿಯ ಮೊನೆಯ ಮೇಲೆ ಪಕ್ಕದಿಂದ, ಓರೆಯಾಗಿ ಬೀಳಲಿ, ಲೋಹದ ಮೇಲೆ ಗೀಚಿದ ಗೆರೆಯೂ ಉಳಿಯ ಗೀರೂ ಓರೆಯ ಬೆಳಕಿನಲ್ಲಿಯೇ ಎದ್ದು ಕಾಣುವುದು. ಬಲ್ಬು ನಿಮ್ಮ ಕಣ್ಣಿಗೆ ನೇರವಾಗಿ ಕಾಣದಂತೆ ಮುಚ್ಚಳವಿರಲಿ. ದೀಪದ ತೋಳು ತಿರುಗುವ ಚಕ್ಕಿನ ಆಚೆಗಿರಲಿ, ಅದನ್ನು ಸರಿಸಲು ಚಕ್ಕಿನ ಮೇಲೆ ಕೈ ಚಾಚಬೇಕಾಗದಿರಲಿ. ಟ್ಯೂಬುಲೈಟಿನಿಂದ ಕಲಿತದ್ದು: ಎರಡು ದೀಪಗಳಲ್ಲಿ ಒಂದಾದರೂ ಮಿನುಗದ ಬೆಳಕಾಗಿರಲಿ. ಪ್ರಮಾಣದ ಮಾತಿಗೆ ಬಂದರೆ, ಯೂರೋಪಿನ ಮಾನದಂಡ ಸಾಧಾರಣ ಯಂತ್ರಕೆಲಸಕ್ಕೆ 300 ಲಕ್ಸ್, ಸೂಕ್ಷ್ಮ ಕೆಲಸಕ್ಕೆ 500 ಲಕ್ಸ್ ಎನ್ನುತ್ತದೆ. ನನ್ನಂತೆ ಐವತ್ತು ದಾಟಿದವರು ಇನ್ನಷ್ಟು ಸೇರಿಸಿಕೊಳ್ಳಲಿ. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗಿ, ಮಸೂರ ಮಂಜಾಗಿ, ಒಳಗೆ ಹೋಗುವ ಬೆಳಕೇ ಕಡಿಮೆಯಾಗುತ್ತದೆ.

ನನ್ನ ವಿದ್ಯಾರ್ಥಿಯು ಮರುವಾರವೇ ಟ್ಯೂಬುಲೈಟನ್ನು ತೆಗೆದು, ಕಡ್ಡಿಯ ಪರೀಕ್ಷೆಯಲ್ಲಿ ತೇರ್ಗಡೆಯಾದ ಎರಡು ದೀಪಗಳನ್ನು ಹಾಕಿದನು. ನೋಡಲು ನಾನು ಮತ್ತೆ ಹೋಗಿದ್ದೆ. ಈ ಸಲ ತಿರುಗುವ ಚಕ್ಕು ತಿರುಗುವಂತೆಯೇ ಕಂಡಿತು. ಆದರೂ ನಾನು ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡೇ ನಿಂತಿದ್ದೆ.